ಸೆನ್ಸರ್ ಬದಲಿಸುವ ಮುನ್ನ ವೈರು ನೋಡಿ

ಕುಮಟಾ, ಹೊನ್ನಾವರ, ಭಟ್ಕಳ. ಅರಬ್ಬೀ ಸಮುದ್ರಕ್ಕೂ ಸಹ್ಯಾದ್ರಿಗೂ ನಡುವಿನ ಕಿರಿದಾದ ಪಟ್ಟಿಯಲ್ಲಿ ಒಂದರ ಬಳಿಕ ಒಂದರಂತೆ ಇರುವ ಈ ಮೂರು ಊರುಗಳನ್ನು ಪೋಣಿಸಿರುವುದು ಒಂದೇ ಹೆದ್ದಾರಿ. ಹಿಂದೆ ಅದರ ಸಂಖ್ಯೆ 17. 2010ರಲ್ಲಿ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟ ಮೇಲೆ 66 ಆಯಿತು. ಮದುವೆಯ ದಿಬ್ಬಣ ಸಾಗುವುದು ಇದರ ಮೇಲೆ, ಮೀನಿನ ಲಾರಿ ಓಡುವುದು ಇದರ ಮೇಲೆ, ರಾತ್ರೋರಾತ್ರಿ ರೋಗಿಯನ್ನು ಮಣಿಪಾಲಕ್ಕೋ ಮಂಗಳೂರಿಗೋ ಒಯ್ಯುವುದೂ ಇದರ ಮೇಲೆಯೇ. ಕುಮಟಾದಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಮೀರಿದ ದಾರಿ. ಅಂಥ ದಾರಿಯ ನಡುವೆ ಕಾರು ಇದ್ದಕ್ಕಿದ್ದಂತೆ ನಿಂತರೆ ಮನೆಮಂದಿಯ ಪಾಡು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕಾರು ನಿಲ್ಲಲು ನೂರೆಂಟು ಕಾರಣ. ಅವುಗಳಲ್ಲಿ ಒಂದು, ಹೆಬ್ಬೆರಳಿನ ಗಾತ್ರದ ಒಂದು ಬಿಡಿಭಾಗ. ಹೆಸರು ಕ್ಯಾಮ್‌ಶಾಫ್ಟ್ ಪೊಸಿಷನ್ ಸೆನ್ಸರ್. ಗ್ಯಾರೇಜಿನ ಬಾಯಿಮಾತಿನಲ್ಲಿ 'ಕ್ಯಾಮ್ ಸೆನ್ಸರ್'. ಇದು ಕೆಟ್ಟಿದೆಯೇ ಎಂದು ಪತ್ತೆ ಮಾಡುವುದು ಮೇಲ್ನೋಟಕ್ಕೆ ಬಲು ಸುಲಭ. ಸ್ಕ್ಯಾನರ್ ಜೋಡಿಸಿದರೆ ಪರದೆಯ ಮೇಲೆ ಒಂದು ಸಂಖ್ಯೆ ಮೂಡುತ್ತದೆ, ಅದರ ಪಕ್ಕದಲ್ಲೇ ಸೆನ್ಸರಿನ ಹೆಸರೂ ಇರುತ್ತದೆ. ಹೊಸದೊಂದು ತಂದು ಹಾಕಿದರಾಯಿತು! ಆದರೆ ಹೊಸ ಸೆನ್ಸರ್ ಹಾಕಿದ ಮೂರನೆಯ ದಿನ ಅದೇ ಹಳದಿ ದೀಪ ಮತ್ತೆ ಹೊತ್ತಿಕೊಂಡರೆ? ಹಣವೂ ಹೋಯಿತು, ನಂಬಿಕೆಯೂ ಹೋಯಿತು, ರೋಗ ಮಾತ್ರ ಉಳಿಯಿತು.

ಹೀಗೇಕಾಗುತ್ತದೆ ಎಂಬುದನ್ನು ಅರಿಯಲು ಮೊದಲು ಈ ಸೆನ್ಸರಿನ ಕೆಲಸವೇನು ಎಂದು ತಿಳಿಯಬೇಕು. ಅದಕ್ಕೆ ಹೈಸ್ಕೂಲಿನ ವಿಜ್ಞಾನ ಸಾಕು.

ಬೆಳಗಿನ ಆರೋ, ಸಂಜೆಯ ಆರೋ?

ಕಾರಿನ ಎಂಜಿನ್ನಿನಲ್ಲಿ ಪಿಸ್ಟನ್ ನಾಲ್ಕು ಹೆಜ್ಜೆಗಳಲ್ಲಿ ಕೆಲಸ ಮಾಡುತ್ತದೆ. ಗಾಳಿ ಮತ್ತು ಇಂಧನವನ್ನು ಒಳಗೆ ಎಳೆದುಕೊಳ್ಳುವುದು, ಅದನ್ನು ಒತ್ತುವುದು, ಉರಿದ ಅನಿಲದ ಬಲಕ್ಕೆ ಕೆಳಗಿಳಿಯುವುದು, ಹೊಗೆಯನ್ನು ಹೊರದೂಡುವುದು. ಈ ನಾಲ್ಕು ಹೆಜ್ಜೆ ಮುಗಿಯುವಷ್ಟರಲ್ಲಿ ಪಿಸ್ಟನ್ನಿಗೆ ಜೋಡಿಸಿರುವ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಸುತ್ತುತ್ತದೆ. ವಾಲ್ವುಗಳನ್ನು ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟ್ ಮಾತ್ರ ಒಂದೇ ಸುತ್ತು. ಮೊಟ್ಟೆಯಾಕಾರದ ಉಬ್ಬುಗಳಿರುವ ಈ ಲೋಹದ ದಂಡವನ್ನು ಕ್ರ್ಯಾಂಕ್‌ಶಾಫ್ಟಿಗೆ ಚೈನು ಅಥವಾ ಬೆಲ್ಟಿನಿಂದ ಬಿಗಿದಿರುತ್ತಾರೆ. ಇದನ್ನೇ ಟೈಮಿಂಗ್ ಚೈನು, ಟೈಮಿಂಗ್ ಬೆಲ್ಟು ಎನ್ನುವುದು.

ಈಗ ಒಂದು ತೊಡಕು ನೋಡಿ. ನಾಲ್ಕು ಹೆಜ್ಜೆಗಳಲ್ಲಿ ಪಿಸ್ಟನ್ ಎರಡು ಸಲ ಮೇಲಕ್ಕೆ ಬರುತ್ತದೆ. ಒಮ್ಮೆ ಮಿಶ್ರಣವನ್ನು ಒತ್ತುವಾಗ, ಇನ್ನೊಮ್ಮೆ ಹೊಗೆಯನ್ನು ಹೊರದೂಡುವಾಗ. ಕಿಡಿ ಬೇಕಾದದ್ದು ಮೊದಲನೆಯ ಸಲ ಮಾತ್ರ. ಕ್ರ್ಯಾಂಕ್‌ಶಾಫ್ಟನ್ನಷ್ಟೇ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣದು. ಗೋಡೆಯ ಗಡಿಯಾರ ಆರು ಗಂಟೆ ತೋರಿಸುತ್ತಿದೆ, ಆದರೆ ಬೆಳಗಿನ ಆರೋ ಸಂಜೆಯ ಆರೋ? ಮುಳ್ಳು ದಿನಕ್ಕೆ ಎರಡು ಸುತ್ತು ಹೊಡೆಯುವುದರಿಂದ ಅದೊಂದರಿಂದಲೇ ಹೇಳಲಾಗದು. ಕಿಟಕಿಯಾಚೆ ಮೂಡಣವೋ ಪಡುವಣವೋ ಕೆಂಪಾಗಿದೆ ಎಂದು ನೋಡಬೇಕು. ಎಂಜಿನ್ನಿಗೆ ಗಂಟೆ ಹೇಳುವುದು ಕ್ರ್ಯಾಂಕ್ ಸೆನ್ಸರ್. ಬೆಳಗೋ ಸಂಜೆಯೋ ಎಂದು ಹೇಳುವುದು ಕ್ಯಾಮ್ ಸೆನ್ಸರ್.

ಈ ಎರಡು ಮಾಹಿತಿಯನ್ನು ಕೂಡಿಸಿ ಕಿಡಿ ಯಾವಾಗ, ಇಂಧನ ಎಷ್ಟು ಎಂದು ತೀರ್ಮಾನಿಸುವುದು ಇ.ಸಿ.ಯು. ಎಂಬ ಪುಟ್ಟ ಕಂಪ್ಯೂಟರ್. ಅದರ ಅವಸರ ಎಷ್ಟೆಂದು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 50 ಸುತ್ತಾಯಿತು. ಕ್ಯಾಮ್‌ಶಾಫ್ಟ್ ಅದರ ಅರ್ಧ, 25 ಸುತ್ತು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿಗೆ ಸೆಕೆಂಡಿಗೆ 100 ಕಿಡಿ ಬೇಕು. ಪ್ರತಿಯೊಂದೂ ತಕ್ಕ ಸಿಲಿಂಡರಿನಲ್ಲಿ, ತಕ್ಕ ಗಳಿಗೆಯಲ್ಲಿ. ಯಕ್ಷಗಾನದ ಮದ್ದಲೆಗಾರ ಭಾಗವತರ ತಾಳ ಬಿಟ್ಟು ನುಡಿಸಿದರೆ ಆಟ ಕೆಡುವ ಹಾಗೆ ಇಲ್ಲಿಯೂ ತಾಳ ತಪ್ಪಿದರೆ ಓಟ ಕೆಡುತ್ತದೆ.

ಡಿಸ್ಟ್ರಿಬ್ಯೂಟರ್ ಜಾಗಕ್ಕೆ ಸೆನ್ಸರ್

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದಲ್ಲಿ ಈ ಕೆಲಸವನ್ನು ಡಿಸ್ಟ್ರಿಬ್ಯೂಟರ್ ಎಂಬ ಯಾಂತ್ರಿಕ ಸಾಧನ ಮಾಡುತ್ತಿತ್ತು. ಅದೂ ಕ್ಯಾಮ್‌ಶಾಫ್ಟಿನ ಬಲದಿಂದಲೇ, ಅದೇ ಅರ್ಧ ವೇಗದಲ್ಲಿ ತಿರುಗುತ್ತಿತ್ತು. 'ಪಾಯಿಂಟ್ ಸೆಟ್' ಮಾಡಬಲ್ಲ ಮೇಸ್ತ್ರಿಗೆ ಊರಲ್ಲಿ ಭಾರೀ ಬೇಡಿಕೆ. ಕಿವಿ, ಮೂಗು, ಕೈಬೆರಳು ಇವೇ ಅವರ ಸಲಕರಣೆಗಳು.

ಬಹುಸಂಖ್ಯೆಯಲ್ಲಿ ತಯಾರಾದ ಮೊದಲ ಎಲೆಕ್ಟ್ರಾನಿಕ್ ಪೆಟ್ರೋಲ್ ಇಂಜೆಕ್ಷನ್ ವ್ಯವಸ್ಥೆಯನ್ನು ಜರ್ಮನಿಯ ಬಾಷ್ ಕಂಪನಿ 1967ರಲ್ಲಿ ಮಾರುಕಟ್ಟೆಗೆ ತಂದಿತು. ಕನ್ನಡಿಗರಿಗೆ ಈ ಬಾಷ್ ಹೊಸಬರೇನಲ್ಲ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ 'ಮೈಕೊ' ಈ ಬಳಗದ್ದೇ. 2008ರಲ್ಲಿ ಅದರ ಹೆಸರೂ ಬಾಷ್ ಎಂದೇ ಆಯಿತು.

ಕಂಪ್ಯೂಟರ್ ಎಂಜಿನ್ನಿನ ಮೇಲ್ವಿಚಾರಣೆ ವಹಿಸಿಕೊಂಡ ಮೇಲೆ ತನ್ನ ದೂರುಗಳನ್ನು ಬರೆದಿಡುವ ಅಭ್ಯಾಸವನ್ನೂ ಅದಕ್ಕೆ ಕಲಿಸಲಾಯಿತು. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಎಲ್ಲ ಕಂಪನಿಗಳಿಗೂ ಒಂದೇ ಬಗೆಯ ದೋಷಸಂಕೇತ ಕಡ್ಡಾಯವಾಯಿತು. ಭಾರತದಲ್ಲಿ 2010ರ ಏಪ್ರಿಲ್‌ನಲ್ಲಿ ಇದರ ಮೊದಲ ಹಂತ, 2013ರ ಏಪ್ರಿಲ್‌ನಲ್ಲಿ ಎರಡನೆಯ ಹಂತ ಜಾರಿಗೆ ಬಂತು. ಸ್ಟೀರಿಂಗಿನ ಕೆಳಗೆಲ್ಲೋ ಇರುವ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿದರೆ ಈ ದೂರುಗಳನ್ನು ಓದಬಹುದು.

ಎರಡು ವೈರು, ಮೂರು ವೈರು

ಕ್ಯಾಮ್ ಸೆನ್ಸರುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಎರಡು ವೈರಿನದರಲ್ಲಿ ಒಂದು ಅಯಸ್ಕಾಂತ, ಅದರ ಸುತ್ತ ತಂತಿಯ ಸುರುಳಿ. ಎದುರಿನಲ್ಲಿ ಲೋಹದ ಹಲ್ಲು ಹಾದುಹೋದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಸೈಕಲ್ ಡೈನಮೋದ ತತ್ವವೇ ಇದು. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದದ್ದು, ಪಿ.ಯು.ಸಿ. ಭೌತಶಾಸ್ತ್ರದಲ್ಲಿ ಎಲ್ಲರೂ ಓದುವಂಥದ್ದು.

ಮೂರು ವೈರಿನದು ಹಾಲ್ ಸೆನ್ಸರ್. ವಿದ್ಯುತ್ ಹರಿಯುವ ತೆಳು ತಗಡಿಗೆ ಅಡ್ಡಲಾಗಿ ಅಯಸ್ಕಾಂತ ಹಿಡಿದರೆ ಅದರ ಅಂಚುಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟುವುದನ್ನು ಎಡ್ವಿನ್ ಹಾಲ್ 1879ರಲ್ಲಿ ಗುರುತಿಸಿದರು. ಮಡಚುವ ಕವರು ಮುಚ್ಚಿದೊಡನೆ ಕೆಲವು ಮೊಬೈಲ್ ಫೋನುಗಳ ಪರದೆ ಆರುವುದೂ ಈ ಹಾಲ್ ಪರಿಣಾಮದಿಂದಲೇ. ಈ ಸೆನ್ಸರಿಗೆ ಒಂದು ವೈರಿನಲ್ಲಿ ವಿದ್ಯುತ್ ಬರುತ್ತದೆ (ಕಾರಿಗೆ ತಕ್ಕಂತೆ 5 ವೋಲ್ಟ್ ಅಥವಾ ಬ್ಯಾಟರಿಯ 12 ವೋಲ್ಟ್), ಒಂದು ಅರ್ತ್, ಇನ್ನೊಂದು ಸುದ್ದಿ ಒಯ್ಯುವ ವೈರು.

ಈ ಜಾತಿಭೇದ ತಿಳಿದಿರಲೇಬೇಕು. ಎರಡು ವೈರಿನದನ್ನು ಮಲ್ಟಿಮೀಟರಿನ ಓಮ್ಸ್‌ನಲ್ಲಿ ಅಳೆದು ಸುರುಳಿ ತುಂಡಾಗಿದೆಯೇ ಎಂದು ಹೇಳಬಹುದು. ಹಾಲ್ ಸೆನ್ಸರಿನ ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವುದರಿಂದ ಆ ಅಳತೆಯಿಂದ ಏನೂ ತಿಳಿಯದು.

ಒಂದು ಪದದ ಮಹತ್ವ

ಕ್ಯಾಮ್ ಸೆನ್ಸರಿನ ಸುದ್ದಿ ತಪ್ಪಿದಾಗ ಚೆಕ್ ಎಂಜಿನ್ ದೀಪ ಹತ್ತುತ್ತದೆ. ಸೆಲ್ಫ್ ಹೊಡೆದರೆ ಬೇಗ ಸ್ಟಾರ್ಟ್ ಆಗುವುದಿಲ್ಲ. ಪಿಕಪ್ ಇಳಿಯುತ್ತದೆ, ಮೈಲೇಜ್ ಕುಗ್ಗುತ್ತದೆ. ಕೆಲವು ಕಾರುಗಳು ಕ್ರ್ಯಾಂಕ್ ಸೆನ್ಸರಿನ ಮಾತೊಂದನ್ನೇ ನಂಬಿ ಅಂದಾಜಿನ ಮೇಲೆ ಕುಂಟುತ್ತ ಓಡುತ್ತವೆ. ಕೆಲವು ನಿಂತೇ ಬಿಡುತ್ತವೆ. ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟ ಹತ್ತುವಾಗ ಬಿಸಿಯಾಗಿ ನಿಂತ ಕಾರು ಅರ್ಧ ಗಂಟೆ ತಣಿದ ಮೇಲೆ ಏನೂ ಆಗದ ಹಾಗೆ ಹೊರಟರೆ, ಅಂಥ ಹೊತ್ತಿನಲ್ಲಿ ಕ್ಯಾಮ್ ಅಥವಾ ಕ್ರ್ಯಾಂಕ್ ಸೆನ್ಸರಿನ ಮೇಲೆ ಅನುಮಾನಪಡಲು ಕಾರಣವುಂಟು.

ಆದರೆ ಇದೇ ಲಕ್ಷಣಗಳನ್ನು ಇಂಧನದ ಪಂಪು, ಸ್ಪಾರ್ಕ್ ಪ್ಲಗ್ಗು, ಸೋತ ಬ್ಯಾಟರಿ ಎಲ್ಲವೂ ತೋರಿಸಬಲ್ಲವು. ಜ್ವರ ಬಂದ ಮಾತ್ರಕ್ಕೆ ಮಲೇರಿಯಾ ಎನ್ನಲಾದೀತೇ? ಅದಕ್ಕೇ ಸ್ಕ್ಯಾನರ್ ಬೇಕು. ಅದರ ಪರದೆಯ ಮೇಲೆ ಪಿ-0340 ಎಂದು ಬಂತೆನ್ನಿ. ಇದರ ಪೂರ್ಣ ಅರ್ಥ 'ಕ್ಯಾಮ್‌ಶಾಫ್ಟ್ ಪೊಸಿಷನ್ ಸೆನ್ಸರ್ ಸರ್ಕ್ಯೂಟ್'. ಅವಸರದಲ್ಲಿ ಓದುವವರು ಕೊನೆಯ ಪದವನ್ನು ನುಂಗಿಬಿಡುತ್ತಾರೆ. ಸರ್ಕ್ಯೂಟ್ ಎಂದರೆ ಸೆನ್ಸರ್ ಒಂದೇ ಅಲ್ಲ. ಸೆನ್ಸರ್, ಅದರ ಕನೆಕ್ಟರ್, ವೈರು, ಅರ್ತ್, ಇ.ಸಿ.ಯು. ಎಲ್ಲ ಸೇರಿದ ದಾರಿ. ಪೋಸ್ಟ್ ಕಾರ್ಡು ಬರಲಿಲ್ಲವೆಂದರೆ ಬರೆದವನೇ ತಪ್ಪಿತಸ್ಥ ಎನ್ನಲಾಗದು; ದಾರಿಯಲ್ಲೇ ಎಲ್ಲೋ ಕಳೆದಿರಬಹುದು.

ಹತ್ತಿರದ ಸಂಖ್ಯೆಗಳಿಗೂ ಒಂದೊಂದು ಅರ್ಥವಿದೆ. ಪಿ-0342 ಎಂದರೆ ಸುದ್ದಿಯ ವೈರಿನಲ್ಲಿ ವೋಲ್ಟೇಜ್ ಸದಾ ಕೆಳಗೇ ಇದೆ. ವೈರು ಸವೆದು ಎಂಜಿನ್ನಿನ ಲೋಹಕ್ಕೆ ತಾಗಿರಬಹುದು. ಪಿ-0343 ಎಂದರೆ ಸದಾ ಮೇಲೇ ಇದೆ, ವೈರು ತುಂಡಾಗಿರಬಹುದು. ಪಿ-0344 ಎಂದರೆ ಸುದ್ದಿ ಆಗೊಮ್ಮೆ ಈಗೊಮ್ಮೆ ತಪ್ಪುತ್ತಿದೆ. ಪಿ-0341 ಎಂದರೆ ಸುದ್ದಿ ಬರುತ್ತಿದೆ, ಆದರೆ ನಿರೀಕ್ಷಿಸಿದ ಹೊತ್ತಿಗೆ ಬರುತ್ತಿಲ್ಲ. ಇವೆಲ್ಲ ಪತ್ತೇದಾರನಿಗೆ ಸಿಕ್ಕ ಸುಳಿವುಗಳು. ಅಪರಾಧಿಯನ್ನು ಹಿಡಿಯುವ ಕೆಲಸ ಇನ್ನೂ ಬಾಕಿ ಇದೆ.

ಉಪ್ಪು, ಮಳೆ ಮತ್ತು ಇಲಿ

ಕರಾವಳಿಯಲ್ಲಿ ಸೆನ್ಸರಿಗಿಂತ ಮೊದಲು ವೈರನ್ನು ನೋಡಬೇಕಾದ ಕಾರಣಗಳು ಹೆಚ್ಚು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನೆಲವಿದು. ಮಳೆ ಬಿಟ್ಟ ಮೇಲೆ ಉಪ್ಪು ತುಂಬಿದ ಗಾಳಿ. ತಾಮ್ರದ ಕೊಡವನ್ನು ಹುಣಸೆಹಣ್ಣು ಹಾಕಿ ತಿಕ್ಕದಿದ್ದರೆ ಹಸಿರು ಕಿಲುಬು ಹಿಡಿಯುವುದನ್ನು ಈ ಭಾಗದ ಪ್ರತಿ ಮನೆಯೂ ಬಲ್ಲದು. ವೈರೂ ತಾಮ್ರದ್ದೇ. ಕನೆಕ್ಟರಿನ ರಬ್ಬರು ಸೀಲು ಸಡಿಲವಾದರೆ ತೇವ ಒಳಸೇರುತ್ತದೆ, ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ, ಸುದ್ದಿ ನಿಲ್ಲುತ್ತದೆ. (ಇಲ್ಲಿ ಹುಣಸೆಹಣ್ಣಿನ ಮದ್ದು ಸಲ್ಲದು, ಅದಕ್ಕೆಂದೇ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಬಳಸಬೇಕು.)

ಇನ್ನು ಇಲಿ. ಮಳೆಗಾಲದಲ್ಲಿ ಒಣ ಜಾಗ ಹುಡುಕಿ ಬಾನೆಟ್ಟಿನ ಒಳಗೆ ಸೇರುವ ಇಲಿಗೆ ವೈರು ಕಡಿಯುವುದು ಆಟ. ಭಟ್ಕಳದಂಥ ಊರಿನಲ್ಲಿ ಮನೆಯವರು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವಾಗ ಕಾರು ತಿಂಗಳುಗಟ್ಟಲೆ ನಿಂತಲ್ಲೇ ನಿಲ್ಲುವುದೂ ಉಂಟು. ಇಲಿಗೆ ಅದು ಸುಗ್ಗಿ, ಬ್ಯಾಟರಿಗೂ ಸೋಲು. ಬ್ಯಾಟರಿ ಸೋತರೆ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕುಸಿದು, ಸರಿಯಾಗಿರುವ ಸೆನ್ಸರಿನ ಮೇಲೂ ಇ.ಸಿ.ಯು. ಸುಳ್ಳು ದೂರು ಬರೆದಿಡಬಹುದು.

ಒಂದೊಂದೇ ಮೆಟ್ಟಿಲು

"ಸ್ಕ್ಯಾನರ್‌ನಲ್ಲೇ ಕ್ಯಾಮ್ ಸೆನ್ಸರ್ ಅಂತ ಬಂತಲ್ಲ ಮಾರಾಯ್ರೇ, ಹೊಸದು ಹಾಕಿಬಿಡಿ" ಎಂದು ಕಾರಿನ ಮಾಲೀಕರು ಅವಸರ ಮಾಡುವುದು ಸಹಜ. "ತಡೀರಿ, ಮೊದಲು ವೈರು ನೋಡುವ" ಎನ್ನುವ ಮೆಕ್ಯಾನಿಕ್ ಸಿಕ್ಕರೆ ಅದು ಮಾಲೀಕರ ಪುಣ್ಯ. ಅಂಥ ಮೆಕ್ಯಾನಿಕ್ ಹಿಡಿಯುವ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ.

ಮೊದಲು ಪ್ರಶ್ನೆ. ಕಾರು ನಿಂತದ್ದು ಬಿಸಿಯಾದಾಗಲೋ, ಮಳೆಯಲ್ಲೋ, ಹೊಂಡಕ್ಕೆ ಬಿದ್ದಾಗಲೋ? ಬಿಸಿ ಎಂದರೆ ಸೆನ್ಸರಿನ ಮೇಲೆ, ಮಳೆ ಎಂದರೆ ಕನೆಕ್ಟರಿನ ಮೇಲೆ, ಹೊಂಡ ಎಂದರೆ ಸಡಿಲ ವೈರಿನ ಮೇಲೆ ಗಮನ ಹೋಗುತ್ತದೆ. ಬಳಿಕ ಸ್ಕ್ಯಾನರಿನ ಸಂಖ್ಯೆಯನ್ನು ಬರೆದುಕೊಳ್ಳುತ್ತಾನೆ. ದೋಷ ಕಂಡ ಗಳಿಗೆಯಲ್ಲಿ ಎಂಜಿನ್ನಿನ ವೇಗ, ಶಾಖ ಎಷ್ಟಿತ್ತು ಎಂಬ ದಾಖಲೆಯೂ ಅಲ್ಲೇ ಸಿಗುತ್ತದೆ. ಇದನ್ನು ಓದುವ ಮುನ್ನವೇ ಅಳಿಸಿಹಾಕುವುದು ಸಾಕ್ಷಿಯನ್ನೇ ಸುಟ್ಟ ಹಾಗೆ.

ಎರಡನೆಯದು ಬ್ಯಾಟರಿ. ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್, ಓಡುವಾಗ 13.5ರಿಂದ 14.5 ವೋಲ್ಟ್ ಇದ್ದರೆ ಸಾಮಾನ್ಯವಾಗಿ ಆರೋಗ್ಯ ಸರಿಯಿದೆ ಎಂದರ್ಥ.

ಮೂರನೆಯದು ಕಣ್ಣು. ಕನೆಕ್ಟರ್ ಬಿಚ್ಚಿ ಕಿಲುಬು, ನೀರು, ಆಯಿಲ್ ಇದೆಯೇ, ಪಿನ್ನು ಬಾಗಿದೆಯೇ, ವೈರಿನ ಸಿಪ್ಪೆ ಸವೆದಿದೆಯೇ, ಇಲಿಯ ಹಲ್ಲಿನ ಗುರುತಿದೆಯೇ ಎಂದು ನೋಡುವುದು. ಸೆನ್ಸರ್ ಹೊರತೆಗೆದರೆ ಅದರ ತುದಿಗೆ ಲೋಹದ ಪುಡಿ ಅಂಟಿದೆಯೇ ಎಂಬುದನ್ನೂ ಗಮನಿಸಬೇಕು.

ನಾಲ್ಕನೆಯದು ಮೀಟರು. ಹಾಲ್ ಸೆನ್ಸರ್ ಎಂದಿಟ್ಟುಕೊಳ್ಳಿ. ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಕೀ ತಿರುಗಿಸಿ (ಸ್ಟಾರ್ಟ್ ಮಾಡದೆ) ವೈರಿನ ಕಡೆಯ ಪಿನ್ನುಗಳನ್ನು ಅಳೆಯಬೇಕು. ಒಂದರಲ್ಲಿ ಪೂರೈಕೆಯ ವೋಲ್ಟೇಜ್ ಇರಬೇಕು, ಒಂದು ಒಳ್ಳೆಯ ಅರ್ತ್ ಆಗಿರಬೇಕು, ಸುದ್ದಿಯ ವೈರಿನಲ್ಲಿ ಅನೇಕ ಕಾರುಗಳಲ್ಲಿ ಇ.ಸಿ.ಯು. ಕಳಿಸಿದ ಸುಮಾರು 5 ವೋಲ್ಟ್ ಕಾಣಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ದೋಷ ವೈರಿನಲ್ಲೋ ಅದರಾಚೆಯೋ ಇದೆ. ಆಗ ಹತ್ತು ಹೊಸ ಸೆನ್ಸರ್ ಹಾಕಿದರೂ ದೀಪ ಆರದು.

ಮೂರೂ ಸರಿಯಿದ್ದರೆ ಐದನೆಯ ಮೆಟ್ಟಿಲು. ಕನೆಕ್ಟರ್ ಮತ್ತೆ ಜೋಡಿಸಿ, ಎಂಜಿನ್ನನ್ನು ಸ್ಪ್ಯಾನರಿನಿಂದ ಕೈಯಲ್ಲೇ ನಿಧಾನವಾಗಿ ತಿರುಗಿಸಿದರೆ ಸುದ್ದಿಯ ವೈರಿನ ವೋಲ್ಟೇಜ್ ಮೇಲೆ ಕೆಳಗೆ ಹಾರಬೇಕು. ಆಸಿಲೋಸ್ಕೋಪ್ ಇದ್ದರೆ ಓಡುವ ಎಂಜಿನ್ನಿನಲ್ಲೇ ಚೌಕ ಚೌಕವಾದ ಅಲೆಗಳು ಕಾಣುತ್ತವೆ. ಅಲೆ ಇಲ್ಲವೆಂದರೆ ಸೆನ್ಸರಿನ ಮೇಲಿನ ಅನುಮಾನ ಬಲವಾಯಿತು. ಬಿಸಿಯಾದಾಗ ಮಾತ್ರ ಕೆಡುವಂಥದ್ದಾದರೆ ತಲೆಗೂದಲು ಒಣಗಿಸುವ ಡ್ರೈಯರಿನಿಂದ ಸೆನ್ಸರನ್ನು ಹದವಾಗಿ ಕಾಯಿಸಿ ನೋಡುತ್ತಾರೆ. ಕಾದಾಗ ಅಲೆ ಮಾಯವಾಗಿ ತಣಿದಾಗ ಮರಳಿದರೆ ಅದಕ್ಕಿಂತ ಬೇರೆ ಸಾಕ್ಷಿ ಬೇಕೇ? ಅಳೆಯುತ್ತಲೇ ವೈರನ್ನು ಅಲುಗಾಡಿಸಿ ನೋಡುವುದೂ ಇದೇ ಬಗೆಯ ಪರೀಕ್ಷೆ. ಅಲುಗಾಡಿದಾಗ ಸುದ್ದಿ ತಪ್ಪಿದರೆ ಕಳ್ಳ ವೈರಿನಲ್ಲಿದ್ದಾನೆ.

ಇಲ್ಲೊಂದು ಎಚ್ಚರಿಕೆ. ವೋಲ್ಟೇಜ್ ನೋಡಲು ವೈರಿನ ಸಿಪ್ಪೆಗೆ ಸೂಜಿ ಚುಚ್ಚುವ ರೂಢಿಯಿದೆ. ಆ ಸಣ್ಣ ತೂತಿನಿಂದ ಕಡಲ ಗಾಳಿಯ ತೇವ ಒಳಹೊಕ್ಕು ಕೆಲವು ತಿಂಗಳಲ್ಲಿ ವೈರು ಒಳಗಿಂದೊಳಗೇ ಕಿಲುಬಾಗುತ್ತದೆ. ಇಂದಿನ ಪರೀಕ್ಷೆಯೇ ನಾಳಿನ ರೋಗ! ಕನೆಕ್ಟರಿನ ಹಿಂಬದಿಯಿಂದ ತೆಳುವಾದ ಪಿನ್ನು ಜಾರಿಸಿ ಅಳೆಯುವುದೇ ಸರಿ.

ಸುದ್ದಿ ತಂದವನ ತಪ್ಪಲ್ಲ

ವೈರೂ ಸರಿ, ಸೆನ್ಸರೂ ಸರಿ, ಆದರೂ ದೀಪ ಹತ್ತುತ್ತಿದೆ ಎನ್ನಿ. ಸಂಖ್ಯೆ ಪಿ-0341 ಇದ್ದರೆ, ಅಥವಾ ಕ್ರ್ಯಾಂಕಿಗೂ ಕ್ಯಾಮಿಗೂ ತಾಳೆಯಾಗುತ್ತಿಲ್ಲ ಎನ್ನುವ ಪಿ-0016 ಇದ್ದರೆ ಸೆನ್ಸರ್ ನಿಜವನ್ನೇ ಹೇಳುತ್ತಿರಬಹುದು. ಟೈಮಿಂಗ್ ಚೈನು ಸಡಿಲವಾಗಿದೆ, ಇಲ್ಲವೇ ಬೆಲ್ಟು ಒಂದು ಹಲ್ಲು ಹಾರಿದೆ. ಇದನ್ನು ಕಡೆಗಣಿಸಿ ಸೆನ್ಸರ್ ಬದಲಿಸುತ್ತ ಕೂರುವುದು ಅಪಾಯ. ಬೆಲ್ಟು ಇನ್ನೂ ಜಾರಿದರೆ ಕೆಲವು ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಎಂಜಿನ್ನೇ ಹಾಳಾದೀತು. ಕೆಟ್ಟ ಸುದ್ದಿ ತಂದ ದೂತನನ್ನು ದಂಡಿಸಿದ ಅರಸನ ಕಥೆಯಾಗುತ್ತದೆ ಆಗ.

ಯಾವುದೇ ರಿಪೇರಿಯಾದರೂ ಕೊನೆಯ ಮೆಟ್ಟಿಲು ಒಂದೇ. ದೂರನ್ನು ಅಳಿಸಿ, ಕಾರನ್ನು ಬಿಸಿಯಾಗುವಷ್ಟು ಓಡಿಸಿ, ಮೊದಲು ನಿಂತಂಥ ಸ್ಥಿತಿಯಲ್ಲೇ ಮತ್ತೆ ಪರೀಕ್ಷಿಸುವುದು. ಕುಮಟಾದವರಿಗೆ ದೇವಿಮನೆ ಘಟ್ಟ, ಭಟ್ಕಳದವರಿಗೆ ಕೋಗಾರ ಘಟ್ಟ ಇದಕ್ಕೆ ಹೇಳಿಮಾಡಿಸಿದ ಪರೀಕ್ಷಾಕೇಂದ್ರಗಳು.

ಮಕ್ಕಳಿಗೂ ಹಿರಿಯರಿಗೂ

ಈ ಮೆಟ್ಟಿಲುಗಳನ್ನು ಇನ್ನೊಮ್ಮೆ ನೋಡಿದರೆ ವಿಜ್ಞಾನದ ಪಾಠವೇ ಕಾಣುತ್ತದೆ. ಗಮನಿಸುವುದು, ಊಹಿಸುವುದು, ಊಹೆ ಸುಳ್ಳಾಗಬಹುದಾದ ಒಂದು ಪರೀಕ್ಷೆ ಮಾಡುವುದು, ಫಲಿತಾಂಶವನ್ನು ಒಪ್ಪುವುದು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಓಮ್‌ನ ನಿಯಮ ಇಲ್ಲಿ ಒಂದು ಕಾರನ್ನು ಮತ್ತೆ ರಸ್ತೆಗಿಳಿಸುತ್ತದೆ.

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐ.ಟಿ.ಐ.ಗಳಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಇದೆ. ಪಾಲಿಟೆಕ್ನಿಕ್‌ಗಳಲ್ಲಿ ಮೂರು ವರ್ಷದ ಆಟೋಮೊಬೈಲ್ ಡಿಪ್ಲೊಮಾ ಇದೆ. ಎಂಜಿನಿಯರಿಂಗ್ ಓದಬಯಸುವವರಿಗೆ ಭಟ್ಕಳದಲ್ಲೇ 1980ರಲ್ಲಿ ಆರಂಭವಾದ ಅಂಜುಮನ್ ಎಂಜಿನಿಯರಿಂಗ್ ಕಾಲೇಜಿದೆ. "ಓದು ಹತ್ತದಿದ್ದರೆ ಗ್ಯಾರೇಜಿಗೆ ಸೇರಿಸುವ" ಎಂಬ ಮಾತು ಇನ್ನೂ ಕೆಲವು ಮನೆಗಳಲ್ಲಿ ಕೇಳಿಬರುತ್ತದೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್.-6 ನಿಯಮದ ಕಾರುಗಳ ಬಾನೆಟ್ ತೆರೆದು ನೋಡಿದವರು ಹಾಗೆನ್ನಲಾರರು. ವೈರಿಂಗ್ ನಕ್ಷೆ ಓದಲು, ಅಲೆಗಳ ಗ್ರಾಫ್ ಅರ್ಥಮಾಡಿಕೊಳ್ಳಲು ಚೆನ್ನಾಗಿ ಓದಿದ ಹುಡುಗರೂ ಹುಡುಗಿಯರೂ ಬೇಕು. ವಿದ್ಯುತ್ ಕಾರಿನಲ್ಲಿ ಕ್ಯಾಮ್‌ಶಾಫ್ಟೇ ಇಲ್ಲವಲ್ಲ ಎಂಬ ಪ್ರಶ್ನೆ ಬರಬಹುದು. ಅಲ್ಲಿಯೂ ಮೋಟಾರು ಎಷ್ಟು ತಿರುಗಿದೆ ಎಂದು ತಿಳಿಸುವ ಸೆನ್ಸರ್ ಇರುತ್ತದೆ, ಅದಕ್ಕೂ ವೈರು ಇರುತ್ತದೆ, ಇಲಿಗೂ ಕಿಲುಬಿಗೂ ಅದೇನು ಬೇರೆಯಲ್ಲ.

ಕಾರಿರುವ ಹಿರಿಯರು ಮಾಡಬೇಕಾದದ್ದು ಎರಡು. ಮುಂದಿನ ಸಲ ಗ್ಯಾರೇಜಿನಲ್ಲಿ 'ಯಾವ ಭಾಗ ಹೋಗಿದೆ?' ಎನ್ನುವುದರ ಜೊತೆಗೆ 'ಏನೇನು ಪರೀಕ್ಷೆ ಮಾಡಿದಿರಿ?' ಎಂದೂ ವಿನಯದಿಂದ ಕೇಳುವುದು. ಪರೀಕ್ಷೆಗೆ ಒಂದು ಗಂಟೆ ಹಿಡಿದು ಕೊನೆಗೆ ಒಂದು ಪಿನ್ನು ಸ್ವಚ್ಛ ಮಾಡಿದ್ದಕ್ಕೂ ಮೆಕ್ಯಾನಿಕ್ ಕೂಲಿ ಕೇಳಿದರೆ ಚೌಕಾಸಿ ಮಾಡದೆ ಕೊಡುವುದು. ಡಾಕ್ಟರಿಗೆ ಫೀಸು ಕೊಡುವುದು ಮಾತ್ರೆಯ ಲೆಕ್ಕದಿಂದ ಅಲ್ಲವಷ್ಟೆ? ಯೋಚಿಸಿ ಮಾಡಿದ ಕೆಲಸಕ್ಕೆ ಕೂಲಿ ಸಿಗುವ ಊರಿನಲ್ಲಿ ಯೋಚಿಸುವ ಮೆಕ್ಯಾನಿಕ್‌ಗಳು ಬೆಳೆಯುತ್ತಾರೆ.